ಅಕ್ಕನ ನಡಿಗೆ

ಬಳ್ಳಾರಿ, ೧೮೯೪

ಸುಗ್ರಾ ಅಕ್ಕಾ,

ನಾಟಕ ಮಂಡಳಿಯವರು ನನ್ನನ್ನು ಸೇರಿಸಿಕೊಂಡರು. ಮೊದಲು ನಿನಗೇ ಹೇಳಬೇಕೆನಿಸಿತು. ಆದರೆ ನಿನಗೆ ಓದು ಬಾರದು. ಕುರುಗೋಡಿನಲ್ಲಿ ಕಾಗದ ಓದಿ ಹೇಳುವವರು ಭಾವನವರೇ; ಅವರಿಗೆ ಹಾಡು, ನಾಟಕ ಸೇರದು. ಹಾಗಾಗಿ ಇದನ್ನು ಕಳಿಸುವುದಿಲ್ಲ.

ಅಡವಿಯಲ್ಲಿ ಗಂಡನನ್ನು ಹುಡುಕುವ ರಾಣಿಯ ವೇಷಕ್ಕೆ ಇವತ್ತು ಮುಂಜಾನೆ ಹುಡುಗರನ್ನು ನೋಡುತ್ತಿದ್ದರು. ನಾನು ಒಂದು ಪದ ಹಾಡಿದೆ. ಮಂಡಳಿಯ ಹಾಲಸಿದ್ದಪ್ಪ ಮಾಸ್ತರರು ಹಾರ್ಮೋನಿಯಂ ನಿಲ್ಲಿಸಿ, "ಕಂಠ ಚಲೋ ಐತಿ. ಹೆಣ್ಣಿನ ನಡಿಗಿ ಬರ್ತೈತೇನಪಾ?" ಎಂದರು.

ಅವರು ಕೊಟ್ಟ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ನಮ್ಮ ಸಿರುಗುಪ್ಪದಲ್ಲಿ ನೀನು ಹೊಳೆಯಿಂದ ಕೊಡ ಹೊತ್ತು ಬರುತ್ತಿದ್ದ ಹಾಗೆ ನಡೆದೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಮಲಗಿಸಲು ನೀನು ಹಾಡುತ್ತಿದ್ದ ಪದವನ್ನೇ ಹಾಡಿದೆ. ನನ್ನ ವೇಷ ನೋಡಿ ನಗುತ್ತಿದ್ದ ಹುಡುಗರು ಹತ್ತಿರ ಸರಿದು ಕುಳಿತರು.

"ಯಾರ ಕಡೆ ಕಲಿತಿ?" ಎಂದರು ಮಾಸ್ತರರು.

"ನಮ್ಮಕ್ಕನ ಕಡೆರಿ."

"ಆಕಿ ಈಗೂ ಹಾಡ್ತಾಳೇನು?"

"ಆಕಿ ಮದುವಿ ಆಗೈತ್ರಿ," ಎಂದೆ.

ಮಾಸ್ತರರು ಹಾರ್ಮೋನಿಯಂ ಮೇಲೆ ಅದೇ ಪದ ನುಡಿಸಿ, "ರಾಣಿ ನೀನ. ಈ ಪದಾನೂ ನಾಟಕದಾಗ ಇರ್ಲಿ," ಎಂದರು. ಎಲ್ಲರೂ ಬೆನ್ನು ತಟ್ಟಿದರು. ನಾನು ಸೀರೆ ಮಡಚುತ್ತ ತಲೆ ಎತ್ತಲಿಲ್ಲ.

ಸುಗ್ಗಿ ಮುಗಿದ ಮೇಲೆ ಮಂಡಳಿ ಕುರುಗೋಡಿಗೆ ಬರುತ್ತದೆ. ನಿಮ್ಮ ಮನೆಯ ಹಿಂದಿನ ಬಯಲಲ್ಲೇ ಚಪ್ಪರ ಹಾಕುತ್ತಾರಂತೆ. ನಾಟಕಕ್ಕೆ ಭಾವನವರು ನಿನ್ನನ್ನು ಕಳಿಸುವುದಿಲ್ಲವೆಂದು ಗೊತ್ತು. ಆ ಪದ ಬಂದಾಗ ನಾನು ಜನರ ಕಡೆ ನೋಡುವುದಿಲ್ಲ. ನಿಮ್ಮ ಗೋಡೆಯ ಕಡೆ ತಿರುಗಿ ನಿಂತು, ಗಟ್ಟಿಯಾಗಿ ಹಾಡುತ್ತೇನೆ.

ನಿನ್ನ ತಮ್ಮ,
ಲಾಲಸಾಬ್