ಗೆದ್ದಲು ತಿಂದ ಪತ್ರದ ಸಾಕ್ಷಿ

ಕಾವುಥಾ ಅತ್ತೆ,

ನೈರೋಬಿ ಬಸ್ಸಿಗೆ ಹೊರಟೆ. ಗಂಜಿ ಒಲೆಯ ಮೇಲಿದೆ.

ಅಜ್ಜನ ಜೊತೆ ಯುದ್ಧಕ್ಕೆ ಹೋದ ನೆರೆಮನೆಯ ಮುಲೇಯಿಯ ಸಾವಿನ ದಾಖಲೆ ಸಿಕ್ಕಿತು: 1944ರ ನವೆಂಬರ್ 9, ಚಿತ್ತಗಾಂಗ್ ಸೇನಾ ಆಸ್ಪತ್ರೆ, ಮಲೇರಿಯಾ. ಆ ಸಾವಿನ ಸುದ್ದಿ ಬರೆದಿದ್ದ ಅಜ್ಜನ ಪತ್ರವನ್ನು ಗೆದ್ದಲು ತಿಂದಿದ್ದರೂ ನೀವು ಬಾಯಲ್ಲಿ ಹೇಳಿದ ಊರು, ತಿಂಗಳು ಎರಡೂ ಸರಿ. ಅವೆರಡೂ ಇಲ್ಲದಿದ್ದರೆ ಯಾವ ಕಡತ ಕೇಳಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ.

"ಇಡೀ ಊರಿಗೆ ಬರ್ತಿದ್ದಿದ್ದು ಒಂದೇ ಕಾಗದ ಕಣೇ. ಮನೆಮನೆಗೂ ಓದಿ ಹೇಳಿ ನಂಗೆ ಬಾಯಿಪಾಠ ಆಗಿತ್ತು. ನೀನು ಪೇಪರ್‌ನೋಳು, ನಂಬಬೇಡ ಬಿಡು!" ಎಂದು ರೇಗಿದ್ದಿರಿ. ನಂಬದೆ ಇದ್ದದ್ದಕ್ಕೆ ಕ್ಷಮಿಸಿ.

ದಾಖಲೆಯ ಪ್ರತಿ ಬೈಬಲಿನೊಳಗಿದೆ. ಮೊದಲು ಮುಲೇಯಿಯ ತಂಗಿ ಕವಾತಾಗೆ ತೋರಿಸಿ, ಇವತ್ತೇ ಚರ್ಚಿಗೆ ಕೊಡಿ. ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ನಾಳೆ ಅಲ್ಲಿ ಕಲ್ಲಿನಲ್ಲಿ ಕೆತ್ತುತ್ತಾರೆ. ಪುರಾವೆಯಿಲ್ಲವೆಂದು ಅವನನ್ನು ಬಿಟ್ಟಿದ್ದರು.

ಆಧಾರವೇನೆಂದು ಪಾದ್ರಿ ಕೇಳಿದರೆ ಎರಡನ್ನೂ ಹೇಳಿ. ನಿಮ್ಮ ಹೆಸರು ಮೊದಲು, ಆಸ್ಪತ್ರೆಯದು ಆಮೇಲೆ.

ಮ್ವಿಕಾಲಿ