ಆತು ಅಂದದ್ದಕ್ಕೆ

ಹೊಳನಗದ್ದೆ,
೧೨-೮-೨೦೦೯

ದಿವ್ಯಶ್ರೀಯ ಅಪ್ಪನಿಗೆ ಬಂಗಾರಿ ಮಾಡುವ ನಮಸ್ಕಾರ.

ನಿಮಗೆ ನೇರವಾಗಿ ಬರೆಯಬಾರದು, ಏನಿದ್ದರೂ ವಕೀಲರ ಮೂಲಕವೇ ಹೇಳಬೇಕು ಎಂದು ನನ್ನ ವಕೀಲರು ಮಾಲತಿ ಮೇಡಂ ಹೇಳಿದ್ದಾರೆ. ಆದರೂ ಬರೆಯುತ್ತಿದ್ದೇನೆ. ಬರುವ ಸೋಮವಾರ ನ್ಯಾಯಾಧೀಶರ ಮುಂದೆ ಇಬ್ಬರೂ ಒಪ್ಪಿದ್ದೇವೆ ಎಂದುಬಿಟ್ಟರೆ ಹನ್ನೊಂದು ವರ್ಷದ ಸಂಸಾರ ಮುಗಿಯಿತು.

ಹೊನ್ನಾವರ ಕೋರ್ಟಿನ ಸಂಧಾನದ ಕೋಣೆಯಲ್ಲಿ ಮೇಜಿನ ಆಚೆ ನೀವು, ಈಚೆ ನಾನು, ಮಾತೆಲ್ಲ ವಕೀಲರದ್ದು. ಊಟ ಮಾಡಿ ಬಂದಿರಾ ಎಂದು ನಿಮ್ಮನ್ನು ಕೇಳಬೇಕೆನಿಸಿತು. ಅದನ್ನು ಯಾವ ವಕೀಲರ ಬಾಯಿಂದ ಕೇಳಿಸಲಿ? ಸಂಧಾನ ಮಾಡಿಸುವವರು ಮೈಸೂರು ಕಡೆಯವರು. ಬೇರೆಯಾಗುವ ಕ್ರಮವನ್ನು ಅವರು ವಿವರಿಸುತ್ತಿದ್ದರೆ ನಾನು ನಮ್ಮ ರೂಢಿಯಂತೆ ಆತು, ಆತು ಎನ್ನುತ್ತಿದ್ದೆ. ಕೇಳಿಸಿತು ಎಂದಷ್ಟೇ ಅರ್ಥ. ಅವರು ಒಪ್ಪಿಗೆ ಎಂದು ಬರೆದುಕೊಂಡರು. ತೆಂಗಿನಗುಂಡಿಯಲ್ಲಿ ಹುಟ್ಟಿ ಬೆಳೆದ ನಿಮಗೂ ಅದು ತಿಳಿಯಲಿಲ್ಲವೇ? ನಿಮ್ಮಮ್ಮ ಬೈಯುವಾಗಲೂ ಆತು ಎನ್ನುತ್ತಿದ್ದವಳಲ್ಲವೇ ನಾನು! ಆಮೇಲೆ ನೀವೂ ತಲೆ ತಗ್ಗಿಸಿ ಆತು ಎಂದಿರಿ. ನಿಮ್ಮದು ಯಾವ ಆತು ಎಂದು ಆರು ದಿನದಿಂದ ಯೋಚಿಸುತ್ತಿದ್ದೇನೆ.

ಸಿಟ್ಟಿನಲ್ಲಿ ಅಮ್ಮನ ಮನೆಗೆ ಬಂದದ್ದು ನನ್ನ ತಪ್ಪು. ಆದರೆ ಗಂಡ ಕರೆಯಲು ಬಾರದೆ ಹೆಂಡತಿ ತಾನಾಗಿ ಹಿಂದಿರುಗುವ ಪದ್ಧತಿ ನಮ್ಮಲ್ಲಿದೆಯೇ? ಎರಡು ವರ್ಷ ದಾರಿ ನೋಡಿದೆ. ಕೊನೆಗೆ ನಾನೇ ವಿಚ್ಛೇದನದ ನೋಟಿಸು ಕಳಿಸಿದೆ. ಅದನ್ನು ನೋಡಿಯಾದರೂ ಓಡಿ ಬರುತ್ತೀರಿ ಎಂದುಕೊಂಡ ಹುಚ್ಚಿ ನಾನು. ನೀವು ಹೋಗಿ ವಕೀಲರನ್ನು ಹಿಡಿದಿರಿ.

ಸೋಮವಾರ ನಾನೇ ಒಲ್ಲೆ ಎನ್ನಬಹುದಂತೆ. ಆದರೆ ನಿಮಗೆ ಬೇಡವಾದ ಮನೆಗೆ ಕೋರ್ಟಿನಿಂದ ಹೇಳಿಸಿಕೊಂಡು ಹೇಗೆ ಬರಲಿ? ನಿಮ್ಮ ಕಾಲು ಹಿಡಿಯುತ್ತೇನೆ, ನಿಮ್ಮ ವಕೀಲರಿಗೆ ಒಂದೇ ಮಾತು ಹೇಳಿ, ಇನ್ನೊಮ್ಮೆ ಸಂಧಾನಕ್ಕೆ ಕೂರುತ್ತೇವೆ ಎಂದು. ದಿವ್ಯಶ್ರೀ ಶಾಲೆಯಲ್ಲಿ ಅಪ್ಪನ ಹೆಸರು ಕೇಳಿದರೆ ಈಗಲೂ ಜೋರಾಗಿಯೇ ಹೇಳುತ್ತಾಳೆ.

ಸೋಮವಾರದವರೆಗಾದರೂ ನಿಮ್ಮ ಹೆಂಡತಿ,
ಬಂಗಾರಿ

ತಾ.ಕ.: ಮಾಲತಿ ಮೇಡಂ ಮೇಲೆ ಸಿಟ್ಟಾಗಬೇಡಿ. ಅವರು ಕುಮಟೆಯವರೇ, ನಮ್ಮ ಮಾತು ಅವರಿಗೆ ಗೊತ್ತು. ಅಂದು ನನ್ನನ್ನು ಹೊರಗೆ ಕರೆದು, ಎಂತ ಬಂಗಾರಿ, ನಿಜವಾಗ್ಲೂ ಒಪ್ಕಂಡ್ಯಾ, ಬರೀ ಕೇಳ್ತು ಅಂದದ್ದಾ, ಈಗ್ಲೇ ಹೇಳು, ತಿದ್ದಸುವಾ ಅಂತ ಮೂರು ಸಲ ಕೇಳಿದರು. ಮೂರು ಸಲವೂ ಒಪ್ಪಿದೆ ಎಂದವಳು ನಾನೇ. ನೀವು ಬಾಗಿಲಲ್ಲೇ ನಿಂತಿದ್ದಿರಿ. ನೀವು ಬೇಡ ಅನ್ನುತ್ತೀರಿ ಎಂದು ಕಾಯುತ್ತಿದ್ದೆ.