ಮಾಸಿದ ಬೆಳಕಿನ ವಾದ

ಸ್ಟುಡಿಯೋ ಕೌಂಟರಿನಿಂದ,
ಮಾರ್ಚ್ ೧೨, ಸೋಮವಾರ

ನನ್ನ ಚುಕ್ಕಿಗೆ ಅಮ್ಮನ ಮುದ್ದು,

ವಿಶ್ವ ಹಿಗ್ಗುತ್ತಿದೆ ಎಂದು ನಿಮ್ಮಪ್ಪ ನಿನ್ನೆ ಸಂಜೆ ಒಪ್ಪಿಕೊಂಡರು. ಸುದ್ದಿಯನ್ನು ಮನೆಗೆ ತಂದವರೂ ಅವರೇ. ಒಲೆ ಹಚ್ಚಬೇಕೆಂದು ನಾನು ಸಂಘದ ಸಭೆಯಿಂದ ಸ್ವಲ್ಪ ಬೇಗ ಬಂದಿದ್ದೆ. ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ "ಏನಾಯ್ತು ಗೊತ್ತೇನೇ?" ಎಂದು ಶುರುಮಾಡಿದರು. ನಾನೂ ಮೂರನೇ ಸಾಲಿನಲ್ಲಿ ಕೂತಿದ್ದೆ ಅಂದರೆ, "ಇರಲಿ, ನನ್ನ ಬಾಯಲ್ಲಿ ಕೇಳು" ಅಂದರು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ನಿನ್ನ ಜೊತೆ ಮಾತಾಡುವಾಗ ಅವರು ಪಕ್ಕದಲ್ಲಿ ಕೂತು ಫ್ರೇಮ್ ಒರೆಸುವ ನೆಪದಲ್ಲಿ ನನ್ನ ಮಾತೆಲ್ಲ ತಿದ್ದುತ್ತಾರೆ. ನಿನ್ನೊಡನೆ ಮಾತು ಬಿಟ್ಟಿರುವ ಮನುಷ್ಯ, ನನ್ನ ಮಾತಿನ ಮೇಲೆ ಇಷ್ಟು ನಿಗಾ ಇಡುವುದೇಕೆ ಎಂದು ನಾನು ಕೇಳಲು ಹೋಗಿಲ್ಲ.

ಹೋದ ವರ್ಷ ನಿನ್ನ ಸಂಸ್ಥೆಯಲ್ಲಿ ಆದದ್ದು ನಿನಗೂ ನೆನಪಿದೆ, ನನಗೂ ನೆನಪಿದೆ. ನಿನ್ನ ಉಪನ್ಯಾಸ ಮುಗಿದು ಪ್ರಶ್ನೆ ಕೇಳಿ ಅಂದದ್ದೇ ತಡ, ಅವರು ಎದ್ದು ನಿಂತು ಹಳೆಯ ಫೋಟೋ ಎತ್ತಿ ಹಿಡಿದರು. ಒಂದು ಕಾಲಕ್ಕೆ ನೀಲಿಯಾಗಿದ್ದ ಗೋಡೆ ಅದರಲ್ಲಿ ಕೆಂಪಗಾಗಿತ್ತು. ಬಣ್ಣದ ಫೋಟೋ ಹಳತಾದಷ್ಟೂ ಕೆಂಪಾಗುತ್ತದೆ. ದೂರದ ಗ್ಯಾಲಕ್ಸಿಯ ಬೆಳಕು ಕೆಂಪಾಗಿ ಕಾಣುವುದೂ ಅಷ್ಟೇ. ಅದು ಓಡಿಹೋಗುತ್ತಿಲ್ಲ, ಬೆಳಕು ದಾರಿಯಲ್ಲಿ ದಣಿದು ಮಾಸಿದೆ. ಹಾಗಾಗಿ ವಿಶ್ವ ಹಿಗ್ಗುತ್ತಿಲ್ಲ, ಅದಕ್ಕೆ ವಯಸ್ಸೂ ಇಲ್ಲ. ಇದು ಅವರ ವಾದ. ಜೀವನವಿಡೀ ಫೋಟೋ ತೊಳೆದವರಿಗೆ ಮಾತ್ರ ಹೊಳೆಯಬಹುದಾದ ತಪ್ಪು ಇದು. ನಿನ್ನ ಸಹೋದ್ಯೋಗಿಗಳು ನಕ್ಕರು. ನೀನು ಮೈಕಿನಲ್ಲಿ "ಅಪ್ಪಾ, ಕೂತ್ಕೊಳ್ಳಿ" ಅಂದೆ. ಅವರು ಕೂತರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಈಗ ನಮ್ಮೂರಿನ ಆಕಾಶವೀಕ್ಷಕರ ಸಂಘ ನಿನ್ನನ್ನು ಉಪನ್ಯಾಸಕ್ಕೆ ಕರೆದಿದೆ. ಅಪ್ಪ ಎದ್ದು ನಿಲ್ಲುವ ಹಾಗಿದ್ದರೆ ಬರುವುದಿಲ್ಲ ಎಂದು ನೀನು ಬರೆದಿದ್ದೀಯ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆ. ಆದರೆ ನನಗೆ ನೀವಿಬ್ಬರೂ ಒಂದೇ ಸಭಾಂಗಣದಲ್ಲಿ ಬೇಕು. ಅದಕ್ಕೇ ನಿನ್ನೆಯ ವರದಿ.

ಸಂಘದ ಸಭೆ ಎಂದಿನಂತೆ ಗ್ರಂಥಾಲಯದ ಮಹಡಿಯಲ್ಲಿ. ಹದಿನೈದು ಜನ ಇದ್ದರು, ಅದರಲ್ಲಿ ಇಬ್ಬರು ಫ್ಯಾನ್ ಗಾಳಿಗೆ ಬಂದವರು. ನಿನ್ನೆ ಮಾತಾಡುವ ಸರದಿ ಅಪ್ಪನದು, ಇಸ್ತ್ರಿ ಶರಟು ಹಾಕಿದ್ದರು. ತಮ್ಮ ವಾದವನ್ನು ಚೆನ್ನಾಗಿಯೇ ಹೇಳಿದರು, ನಾನೇನು ಹೆಂಡತಿ ಅಂತ ಹೇಳುತ್ತಿಲ್ಲ. ಇಂಥ ಯೋಚನೆ ತಮ್ಮೊಬ್ಬರದಲ್ಲ, ಹಿಂದೆ ದೊಡ್ಡ ವಿಜ್ಞಾನಿಗಳೂ ಮಾಡಿದ್ದರು; ಈಗಲೂ ಒಬ್ಬಿಬ್ಬರು ವಿಶ್ವದ ವಯಸ್ಸು ಪುಸ್ತಕದಲ್ಲಿರುವ ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷವಲ್ಲ, ಅದರ ಎರಡರಷ್ಟು ಅನ್ನುತ್ತಾರೆ ಎಂದರು. ಮುಂದಿನ ಸಾಲಿನ ದರ್ಜಿ, "ವಯಸ್ಸು ಮುಚ್ಚಿಡೋದು ಹಾಗಾದ್ರೆ ಎಲ್ಲ ಕಡೆ ಇದೆ" ಅಂದ. ಅಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಆಮೇಲೆ ಸಂಘದ ಕಾರ್ಯದರ್ಶಿ ಎದ್ದರು. ನಿನಗೆ ಗಣಿತ ಕಲಿಸಿದ ನಮ್ಮ ಮಗ್ಗಿ ಟೀಚರ್. ಅವರ ಪ್ರಶ್ನೆ ಇಷ್ಟೇ: ಒಂದು ಜಾತಿಯ ನಕ್ಷತ್ರ ಹತ್ತಿರದಲ್ಲಿ ಸಿಡಿದರೆ ಕೆಲವು ವಾರಗಳಲ್ಲಿ ಮಂಕಾಗುತ್ತದೆ. ಅದೇ ಜಾತಿಯದು ಬಹಳ ದೂರದಲ್ಲಿ ಸಿಡಿದರೆ ಮಂಕಾಗಲು ಅದರ ಎರಡರಷ್ಟು ಕಾಲ ಹಿಡಿದಂತೆ ನಮಗೆ ಕಾಣುತ್ತದೆ. ಬೆಳಕು ಬರೀ ಮಾಸಿದ್ದಾದರೆ, ಸಮಯ ಯಾಕೆ ಹಿಗ್ಗಿದೆ?

ಅಪ್ಪ ಕಿವಿ ಕೆರೆದುಕೊಂಡರು. ನೀರು ಕುಡಿದರು. ಕಿಟಕಿಯ ಕಡೆ ನೋಡಿದರು. ಪಕ್ಕದವರು "ಏನ್ರೀ, ನಿಮ್ಮನೆಯವರಿಗೆ ತಲೆ ಸುತ್ತು ಬಂತಾ?" ಎಂದು ನನ್ನನ್ನು ಕೇಳಿದರು. ಆಗ ಅಪ್ಪ ಬಾಯಿಬಿಟ್ಟರು: "ನಾನು ತೆಗೆದ ಮದುವೆ ವಿಡಿಯೊಗಳೆಲ್ಲ ಬಣ್ಣಗೆಟ್ಟಿವೆ. ಆದರೆ ಒಂದರಲ್ಲೂ ಹಾಡು ನಿಧಾನವಾಗಿಲ್ಲ. ಬಣ್ಣ ಮಾಸಿದರೆ ಬಣ್ಣ ಹೋಗುತ್ತೆ, ಓಟ ನಿಧಾನವಾಗಲ್ಲ. ಬೆಳಕು ಬರುವ ದಾರಿಯೇ ಹಿಗ್ಗಿದ್ದರೆ ಮಾತ್ರ ಎರಡೂ ಆಗುತ್ತೆ. ನನ್ನ ವಾದ ಬಿತ್ತು, ಟೀಚರ್. ನನ್ನ ಮಗಳು ಹೇಳಿದ್ದೇ ಸರಿ."

ಈ ಕೊನೆಯ ವಾಕ್ಯವನ್ನು ನಾನು ಸೇರಿಸಿಲ್ಲ. ದರ್ಜಿಯನ್ನು ಬೇಕಾದರೆ ಕೇಳು.

ಸೋತ ಮೇಲೆ ಮುಖ ಸಣ್ಣದಾಗುತ್ತದೆ ಎಂದು ನಾನು ಹೆದರಿದ್ದೆ. ಆಗಲಿಲ್ಲ. ಹಾಗಾದರೆ ಎಲ್ಲ ಇತ್ಯರ್ಥ ಆಯಿತೇ ಎಂದು ಯಾರೋ ಕೇಳಿದಾಗ ಮಗ್ಗಿ ಟೀಚರ್, ಎಲ್ಲಿಯ ಇತ್ಯರ್ಥ, ವಿಶ್ವ ಎಷ್ಟು ವೇಗದಲ್ಲಿ ಹಿಗ್ಗುತ್ತಿದೆ ಎಂದು ಅಳೆದರೆ ಒಂದು ವಿಧಾನದಲ್ಲಿ ಅರವತ್ತೇಳು ಎಂಬ ಅಂಕಿ ಬರುತ್ತದೆ, ಇನ್ನೊಂದರಲ್ಲಿ ಎಪ್ಪತ್ಮೂರು. ಯಾರ ತಪ್ಪು ಅನ್ನುವುದು ಇನ್ನೂ ಗೊತ್ತಾಗಿಲ್ಲ ಅಂದರು. ಅಪ್ಪ ಮಕ್ಕಳ ಹಾಗೆ ಕುಣಿದರು. "ನಮ್ಮ ಹುಡುಗಿ ಇರೋದು ಈ ಜಗಳದಲ್ಲೇ!" ಎಂದು ಫ್ಯಾನ್ ಗಾಳಿಗೆ ಬಂದವರಿಗೂ ಹೇಳಿದರು. ನೀನು ಎಪ್ಪತ್ಮೂರರ ಕಡೆಯವಳು ಎಂದು ನಾನು ಹೇಳಿದ ಮೇಲಂತೂ, ಅರವತ್ತೇಳರವರಿಗೆ ಬುದ್ಧಿ ಸಾಲದು ಎಂದು ಊಟದ ಹೊತ್ತಿಗೆ ತೀರ್ಮಾನವಾಗಿತ್ತು.

ನೀನು ಬಂದರೆ ಎದ್ದು ನಿಲ್ಲುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. "ಕೂತೇ ಕೇಳ್ತೀನಿ" ಅಂದರು. ಅದೂ ಬೇಡ ಅಂದಿದ್ದೇನೆ. "ಕೈ ಎತ್ತಬಹುದಾ?" ಅಂತ ಕೇಳಿದ್ದಾರೆ. ಇದನ್ನು ನೀನೇ ತೀರ್ಮಾನಿಸು.

ಮಗ್ಗಿ ಟೀಚರಿಗೆ ಆ ಪ್ರಶ್ನೆ ಎಲ್ಲಿ ಸಿಕ್ಕಿತು ಅಂತೀಯಾ? ಓದಿಕೊಂಡವರು, ಎಲ್ಲಾದರೂ ಸಿಕ್ಕಿರುತ್ತದೆ.

ಇಂತಿ,
ನಿಮ್ಮಿಬ್ಬರ ಮಧ್ಯೆ ಸಿಕ್ಕಿಕೊಂಡಿರುವ
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಮಗ್ಗಿ ಟೀಚರ್ ಪಾಸ್‌ಪೋರ್ಟ್ ಫೋಟೋಗೆ ಬಂದರು, ಅದಕ್ಕೆ ಇಷ್ಟು ಸೇರಿಸುತ್ತಿದ್ದೇನೆ. ಮೇಲೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಆ ಪ್ರಶ್ನೆಯನ್ನು ಪೇಪರಿನ ವಿಜ್ಞಾನದ ಪುಟದಲ್ಲಿ ಓದಿ ಅವರಿಗೆ ಕೊಟ್ಟವಳು ನಾನು. ಮನೆಯಲ್ಲಿ ನಾನು ಕೇಳಿದ್ದರೆ ಅಪ್ಪ ಟಿವಿ ಹಾಕುತ್ತಿದ್ದರು. ಇವತ್ತು ಟೀಚರಿಗೆ, ನನ್ನ ಪ್ರಶ್ನೆ ಕೇಳಿದ್ದು ಉಪಕಾರವಾಯಿತು ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮದೆಲ್ಲಿ ಕೇಳಿದೆ? ನಾನು ಕೇಳಿದ್ದು ನಿಮ್ಮ ಯಜಮಾನರದ್ದು. ನೀವು ಕೊಟ್ಟ ಮಾರನೇ ದಿನವೇ ಅವರೂ ಬಂದು ಅದನ್ನೇ ಕೊಟ್ಟು ಹೋದ್ರು." ನಮ್ಮ ಮನೆಯ ಪೇಪರನ್ನು ಅಪ್ಪನೂ ಓದುತ್ತಾರೆ ಎಂಬುದು ನನ್ನ ತಲೆಗೇ ಹೋಗಿರಲಿಲ್ಲ. ಅಂದರೆ ಆ ಕಿವಿ ಕೆರೆತ, ನೀರು ಕುಡಿದದ್ದು ಎಲ್ಲ ನಾಟಕ. ಸೋಲುವುದು ಗೊತ್ತಿದ್ದೂ ಯಾಕೆ ಮಾತಾಡುತ್ತೀರಿ ಎಂದು ಟೀಚರ್ ಕೇಳಿದ್ದರಂತೆ. "ನಾಲ್ಕು ಜನರ ಮುಂದೆ ಮಗಳ ಮರ್ಯಾದೆ ತೆಗೆದೆ. ಮನೆಯೊಳಗೆ ಕೂತು ಸೋತರೆ ಲೆಕ್ಕಕ್ಕೆ ಬರಲ್ಲ" ಅಂದರಂತೆ. ನಾನು ಇದನ್ನು ಹೇಳಿದ್ದು ಅಪ್ಪನಿಗೆ ಗೊತ್ತಾಗಬಾರದು.

ನಿನ್ನ ಹೆಸರಿಗೆ ಜಾಗ ಬಿಟ್ಟಿರುವ ಉಪನ್ಯಾಸದ ಪೋಸ್ಟರ್ ಬರುವ ಸೋಮವಾರ ಮಧ್ಯಾಹ್ನ ಮುದ್ರಣಕ್ಕೆ ಹೋಗುತ್ತದೆ.